ಕಟ್ಟಿಗೆ ಕಡಿಮೆ ಸುಟ್ಟವಳು

ನನಗೆ ಸಿಟ್ಟು ಜಾಸ್ತಿ. ಮುಂಬೈಯ ಈ ವಾಕೋಲಾದಲ್ಲಿ ಯಾರನ್ನಾದರೂ ಕೇಳಿ, ನೂರಜಹಾನಳ ಬೇಕರಿಯಲ್ಲಿ ಪಾವ್ ಜೊತೆ ಬೈಗುಳವೂ ಬಿಸಿಬಿಸಿ ಸಿಗುತ್ತದೆ ಎನ್ನುತ್ತಾರೆ. ನಾನು ಅಲ್ಲಗಳೆಯುವುದಿಲ್ಲ. ಐವತ್ತಾರು ವರ್ಷ ಈ ಸಿಟ್ಟಿನ ಜೊತೆಯೇ ಸಂಸಾರ ಮಾಡಿದ್ದೇನೆ. ಆದರೆ ಈ ಸಲ ಶುರು ಮಾಡಿದವಳು ನಾನಲ್ಲ, ದಿಲ್ಲಿಯವರು.

ನಮ್ಮದು ಕಟ್ಟಿಗೆ ಭಟ್ಟಿ. ನನ್ನ ಅತ್ತೆ ಮುಬೀನಾ ಇಂಡಿ ತಾಲೂಕಿನಿಂದ ಬಂದು ಸಾಂತಾಕ್ರೂಜಿನಲ್ಲಿ ಕಟ್ಟಿಸಿದ ಇಟ್ಟಿಗೆಯ ಗುಮ್ಮಟ, ಒಳಗೆ ಮೂರು ಜನ ಮಲಗಬಹುದು. ಇಂಥ ಭಟ್ಟಿಗೆ ಒಂದೇ ನೇಮ, ಅದು ತಣ್ಣಗಾಗಬಾರದು. ನಾಲ್ಕಾರು ದಿನ ಬೆಂಕಿ ಕಾಣದಿದ್ದರೆ ಈ ಊರಿನ ತೇವವನ್ನೆಲ್ಲ ಇಟ್ಟಿಗೆ ಕುಡಿದುಬಿಡುತ್ತದೆ, ಮತ್ತೆ ಬೆಂಕಿ ಹಾಕಿದ ದಿನ ಸೀಳುತ್ತದೆ. ಪ್ರವಾಹ ಬಂದ ವರ್ಷ ಒಮ್ಮೆ ಹಾಗಾಗಿ ಮೂರು ತಿಂಗಳು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಕೂತಿದ್ದೆವು. ಅಂದು ಗುಮ್ಮಟ ರಿಪೇರಿ ಮಾಡಿದ ಕಾರೀಗರ ಈಗ ಇಲ್ಲ, ಅವನ ಮಕ್ಕಳು ಟೈಲ್ಸ್ ಹಾಕುತ್ತಾರೆ. ಇನ್ನೊಮ್ಮೆ ಸೀಳಿದರೆ ಬೇಕರಿ ಮುಗಿಯಿತು.

ಗಂಡ ಯಾಕೂಬ ತೀರಿಕೊಂಡು ಆರು ವರ್ಷ. ಅಂದಿನಿಂದ ಭಟ್ಟಿ ನಿಂತಿದ್ದು ಧರ್ಮಣ್ಣನ ಮೇಲೆ. ಸಿಂದಗಿ ಹತ್ತಿರದವನು, ಇಪ್ಪತ್ತೆಂಟು ವರ್ಷದಿಂದ ನಮ್ಮಲ್ಲಿ ಭಟ್ಟಿ ನೋಡಿಕೊಳ್ಳುವ ಮಿಸ್ತ್ರಿ. ಅತ್ತೆ ಕಲಿಸಿದ ಕೆಲಸ ಅವನ ಕೈಯಲ್ಲಿ ಉಳಿದಿತ್ತು. ದಿನಕ್ಕೆ ಒಂದೇ ಸಲ ಬೆಂಕಿ. ಕೆಂಡ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಭಟ್ಟಿಯ ಬಾಯಿ ಮುಚ್ಚಿ ಅರ್ಧ ಗಂಟೆ ಬಿಡುತ್ತಾನೆ. ಆಮೇಲೆ ಮೊದಲು ಪಾವ್, ಕಾವು ಇಳಿದಂತೆ ಖಾರಿ ಬಿಸ್ಕಿಟ್, ಅದರ ಹಿಂದೆ ನಾನ್‌ಖಟಾಯಿ, ಕಟ್ಟಕಡೆಗೆ ಟೋಸ್ಟ್. ಥರ್ಮಾಮೀಟರು ಗೀರ್ಮಾಮೀಟರು ಏನೂ ಇಲ್ಲ. ಒಳಗೆ ಕೈ ಚಾಚಿ ಎಣಿಸುತ್ತಾನೆ. ಎಷ್ಟು ಎಣಿಸುವಷ್ಟರಲ್ಲಿ ಕೈ ಹಿಂದಕ್ಕೆ ಬಂತೋ ಅದರ ಮೇಲೆ ಯಾವ ಟ್ರೇ ಎಂದು ಹೇಳುತ್ತಾನೆ. ದಿನಕ್ಕೆ ತೊಂಬತ್ತು ಕಿಲೊ ಕಟ್ಟಿಗೆ. ಅಷ್ಟೇ ಹಿಟ್ಟಿಗೆ ವಿಲೆ ಪಾರ್ಲೆಯ ಕಾಂತಪ್ಪನ ಬೇಕರಿಯಲ್ಲಿ ಇನ್ನೂರ ನಲವತ್ತು ಕಿಲೊ ಸುಡುತ್ತಾರೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸರ್ವೆಯವನೊಬ್ಬ ಬಂದ. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್. ದಿನಕ್ಕೆ ಎಷ್ಟು ಕಟ್ಟಿಗೆ ಸುಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ನಾನು ಹಿಂದಿಯಲ್ಲೇ ಅವನ ನೀರಿಳಿಸುತ್ತಿದ್ದೆ. ಅಷ್ಟರಲ್ಲಿ ಅವನು ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ ನಕ್ಕ.

“ನಾವು ಭೀ ಕನ್ನಡದವರೇ ಆಂಟಿ. ಮಾಟುಂಗದಲ್ಲಿ ಮನೆ. ಅಕ್ಷಯ ಅಂತ. ನಂದು ಕನ್ನಡ ಥೋಡಾ ವೀಕ್ ಇದೆ.”

ಅಲ್ಲೇ ನಾನು ಕೆಟ್ಟೆ. ಈ ಊರಲ್ಲಿ ಕಾರ್ಡು ಹಾಕಿಕೊಂಡು ಬಂದವರಿಗೆ ನಾನು ಒಂದು ಲೋಟ ನೀರೂ ಕೊಡುವವಳಲ್ಲ. ಆದರೆ ಕನ್ನಡ ಮಾತಾಡಿದರೆ ಮುಗಿಯಿತು, ಕುರ್ಚಿ ಬರುತ್ತದೆ, ಚಹಾ ಬರುತ್ತದೆ, ಇದ್ದಬದ್ದ ಬುದ್ಧಿ ಹೊರಟುಹೋಗುತ್ತದೆ. ತಟ್ಟೆಯಲ್ಲಿ ನಾಲ್ಕು ನಾನ್‌ಖಟಾಯಿ ಇಟ್ಟೆ.

ಅವನು ಅವುಗಳನ್ನೇ ಮುಂದಿಟ್ಟುಕೊಂಡು ತಿಳಿಸಿ ಹೇಳಿದ. ಕಟ್ಟಿಗೆ, ಕಲ್ಲಿದ್ದಲು ಸುಟ್ಟರೆ ಕಾರ್ಬನ್ ಬರುತ್ತದೆ, ಇಡೀ ದೇಶದಲ್ಲಿ ಅದನ್ನು ಇಳಿಸಬೇಕು. ಹೇಗೆ ಎಂಬುದು ದಿಲ್ಲಿಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಮೊದಲು ನಮ್ಮಂಥ ಬೇಕರಿಗಳ ಮೇಲೆ ಒಂದು ಪ್ರಯೋಗ. ದಾರಿ ನಾಲ್ಕಿವೆ. ಒಂದು, ಕಟ್ಟಿಗೆ ಭಟ್ಟಿಯನ್ನೇ ಬಂದ್ ಮಾಡಿಸುವುದು. ಎರಡು, ಕರೆಂಟಿನ ಭಟ್ಟಿ ಕೊಳ್ಳಲು ಸಬ್ಸಿಡಿ. ಮೂರು, ಸುಟ್ಟ ಕಿಲೊ ಲೆಕ್ಕದಲ್ಲಿ ಟ್ಯಾಕ್ಸ್. ನಾಲ್ಕನೆಯದು ಪರ್ಮಿಟ್. ನೀನು ಇಷ್ಟೇ ಸುಡಬೇಕು ಎಂದು ಒಬ್ಬೊಬ್ಬರಿಗೆ ಒಂದು ಪಾಲು ಕೊಡುತ್ತಾರೆ, ಪಾಲು ಉಳಿಸಿದವನು ಪಾಲು ಸಾಕಾಗದವನಿಗೆ ಮಾರಬಹುದು.

“ಯಾವುದು ಮಾಡತಾರ ಖರೆ ಹೇಳು” ಎಂದೆ.

“ಟ್ಯಾಕ್ಸ್ ಆಂಟಿ, ಪಕ್ಕಾ. ನಮ್ಮ ಆಫೀಸ್ ಅದೇ ಲಿಖ್ ಕೇ ಕೊಡ್ತಾ ಇದೆ. ನೀವು ಕಮ್ಮಿ ಸುಡ್ತೀರಲ್ಲ, ನಿಮಗೇ ಫಾಯದಾ. ಒಂದು ವಾರ ನಾನು ಬಂದು ತೂಕ ಮಾಡ್ತೀನಿ. ಎಷ್ಟು ಕಮ್ಮಿ ಬಂದ್ರೆ ಅಷ್ಟು ಒಳ್ಳೇದು.” ಎಂದು ನಾಲ್ಕನೆಯ ನಾನ್‌ಖಟಾಯಿಯನ್ನೂ ಬಾಯಿಗೆ ಹಾಕಿಕೊಂಡ.

ತೊಂಬತ್ತೇ ಇಡೀ ವಾರ್ಡಿನಲ್ಲಿ ಕಡಿಮೆ. ನಾನು ಸುಮ್ಮನಿರಬೇಕಿತ್ತು. ಆದರೆ ನಮ್ಮ ಜನಕ್ಕೆ ಒಂದು ಖಯಾಲಿ ಇದೆ. ನಮ್ಮ ಭಾಷೆಯವನು ಮನೆ ನೋಡಲು ಬಂದಿದ್ದಾನೆ ಎಂದರೆ ಹಳೇ ಚಾದರ ತೆಗೆದು ಹೊಸದು ಹಾಸುತ್ತೇವೆ. ಅವನು ಎದ್ದು ಹೋದ ಮೇಲೆ ನೆಲದ ಮೇಲೆ ಮಲಗಿದರೂ ಸರಿ. ಅರವತ್ತು ಕಿಲೊದಲ್ಲಿ ಒಂದು ವಾರ ತೋರಿಸೋಣ ಎಂದು ಧರ್ಮಣ್ಣನಿಗೆ ಹೇಳಿದೆ.

“ಒಂದ್ ವಾರ ಆಗತದ ಆಪಾ. ಎಂಟನೇ ದಿನ ಆಗಂಗಿಲ್ಲ” ಎಂದ. ಬಾಯಲ್ಲಿ ಹಾಗೆಂದರೂ ಅವನಿಗೂ ಹುರುಪು ಬಂದಿತ್ತು, ನನಗೆ ಕಾಣುತ್ತಿತ್ತು.

ಏಳು ದಿನ ಅವನು ಮಾಡಿದ್ದನ್ನು ಬೇರೆ ಯಾರೂ ಮಾಡಲಾರರು. ನಾಲ್ಕು ತಿಂಗಳು ಒಣಗಿಸಿದ ತೇಗದ ಚೂರುಗಳನ್ನಷ್ಟೇ ಆರಿಸಿದ. ಗುಮ್ಮಟದ ಮೇಲೆ ಮರಳು ಹರಡಿ ಗೋಣಿ ಹೊದಿಸಿದ. ಭಟ್ಟಿಯ ಬಾಯಿ ತೆರೆಯುವುದನ್ನು ದಿನಕ್ಕೆ ಐದು ಸಲಕ್ಕೆ ಇಳಿಸಿದ. ನಾನು ಟೋಸ್ಟ್ ಮಾಡುವುದನ್ನೇ ನಿಲ್ಲಿಸಿದೆ. ಪಾವ್ ಸ್ವಲ್ಪ ಬಿಳಿಚಿಕೊಂಡು ಬಂತು, ಗಿರಾಕಿಗಳು ಗೊಣಗಿದರು, ನಾನು ಅವರ ಬಾಯಿ ಮುಚ್ಚಿಸಿದೆ. ಅಕ್ಷಯ ದಿನಾ ಬಂದು ಕಟ್ಟಿಗೆ ತೂಗಿ, ಅರವತ್ತು ಎಂದು ಬರೆದುಕೊಂಡ. “ಹೋಲ್ ಮುಂಬೈನಲ್ಲಿ ನೀವೇ ನಂಬರ್ ಒನ್ ಆಂಟಿ” ಎಂದ. ಧರ್ಮಣ್ಣ ಆ ದಿನ ಬೂದಿ ಬಾಚುತ್ತ ಹಾಡಿಕೊಂಡಿದ್ದ.

ಜೂನಿನಲ್ಲಿ ಇಂಗ್ಲಿಷ್ ಕಾಗದ ಬಂತು. ನನ್ನ ಮಗಳು ಶಬ್ರೀನ ಏರ್‌ಪೋರ್ಟಿನಲ್ಲಿ ಕೆಲಸ ಮಾಡುತ್ತಾಳೆ, ಅವಳೇ ಓದಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣದಾಯಿತು.

“ಅಮ್ಮೀ, ಟ್ಯಾಕ್ಸ್ ನಹೀ ಹೈ. ಪರ್ಮಿಟ್ ಹೈ. ಸರ್ವೆಯಲ್ಲಿ ಎಷ್ಟು ಬಂದಿತ್ತಲ್ಲ, ಎಲ್ಲರಿಗೂ ಅದರಲ್ಲಿ ಟ್ವೆಂಟಿ ಪರ್ಸೆಂಟ್ ಕಟ್. ನಮಗೆ ದಿನಕ್ಕೆ ನಲವತ್ತೆಂಟು ಕಿಲೊ.”

“ಜಾಸ್ತಿ ಸುಟ್ಟರ?”

“ಜಾಸ್ತಿ ಸುಟ್ಟಷ್ಟಕ್ಕೆ ಪರ್ಮಿಟ್ ಕೊಳ್ಳಬೇಕು. ಇಲ್ಲಾಂದ್ರೆ ಒಂದು ತಿಂಗಳು ಭಟ್ಟಿಗೆ ಸೀಲ್.”

ಒಂದು ತಿಂಗಳು, ಅದೂ ಮಳೆಗಾಲದಲ್ಲಿ. ಧರ್ಮಣ್ಣ ಕೈಯಲ್ಲಿದ್ದ ಹಲಗೆ ಕೆಳಗಿಟ್ಟು ಗುಮ್ಮಟದ ಕಡೆ ನೋಡಿದ. ಬಂದ್ ಆಗಿದ್ದರೆ ಎಲ್ಲರೂ ಒಟ್ಟಿಗೆ ಬೀದಿಗೆ ಬರುತ್ತಿದ್ದೆವು. ಟ್ಯಾಕ್ಸ್ ಆಗಿದ್ದರೆ ನಾನು ಎಲ್ಲರಿಗಿಂತ ಕಡಿಮೆ ಕಟ್ಟುತ್ತಿದ್ದೆ. ನಾಲ್ಕು ದಾರಿಗಳಲ್ಲಿ ಕಡಿಮೆ ಸುಟ್ಟವಳ ಕತ್ತು ಹಿಸುಕುವ ದಾರಿ ಒಂದೇ ಇತ್ತು, ಅದನ್ನೇ ಹುಡುಕಿ ಆರಿಸಿದ್ದರು. ಇನ್ನೂರ ನಲವತ್ತು ಸುಟ್ಟ ಕಾಂತಪ್ಪನಿಗೆ ನೂರಾ ತೊಂಬತ್ತೆರಡು ಕಿಲೊ ಸಿಕ್ಕಿತ್ತು.

ಮರುದಿನ ಮಧ್ಯಾಹ್ನ ಕಾಂತಪ್ಪನೇ ಬಂದ. ಮಂಗಳೂರು ಕಡೆಯವನು, ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿಕೊಂಡು ಬೇಕರಿಗೆ ಬರುವ ಜಾತಿ. ನಾನು ಕೂರು ಎನ್ನಲಿಲ್ಲ, ಅವನೇ ಕೂತ.

“ನೋಡಿ ನೂರಜಹಾನ್ ಬಾಯಿ, ನನ್ನ ಹತ್ತಿರ ಪರ್ಮಿಟ್ ಬೇಕಾದಷ್ಟು ಉಂಟು. ಮಿಸ್ತ್ರಿಗೆ ನಾಲ್ಕು ಬೈದರೆ ನಂದು ನೂರೈವತ್ತರಲ್ಲಿ ಮುಗಿಯುತ್ತದೆ. ಉಳಿದದ್ದು ನಿಮಗೇ ಕೊಡುವಾ ಅಂತ ಬಂದೆ.”

“ಹೊಗಿ ನೀನು ಬಿಡೂದು, ರೊಕ್ಕ ನಾ ಕೊಡೂದು?”

“ಅದು ರೂಲು ಮಾರಾಯ್ರೆ, ನಾನು ಮಾಡಿದ್ದಲ್ಲ. ಸರ್ವೆಯವ ಬಂದಾಗ ನನಗೂ ಗೊತ್ತಿರಲಿಲ್ಲ. ನಾನು ಯಾವಾಗಲೂ ಸುಡುವ ಹಾಗೆ ಸುಟ್ಟೆ. ನೀವು ಯಾಕೆ ಅಷ್ಟು ಚಂದ ಮಾಡಲಿಕ್ಕೆ ಹೋದದ್ದು?”

ನನಗೆ ಇನ್ನಷ್ಟು ರೇಗಿತು. ಅವನು ಎದ್ದು ಭಟ್ಟಿಯ ಹತ್ತಿರ ಹೋದ. ಧರ್ಮಣ್ಣ ಕೈ ಒಳಗೆ ಚಾಚಿ ಎಣಿಸುತ್ತಿದ್ದ. ಕಾಂತಪ್ಪ ಅದನ್ನು ಬಹಳ ಹೊತ್ತು ನೋಡಿದ.

“ಇವನನ್ನು ನನಗೆ ಕೊಡಿ ಬಾಯಿ. ಭಟ್ಟಿ ನೀವೇ ಇಟ್ಟುಕೊಳ್ಳಿ.”

ಧರ್ಮಣ್ಣ ತಿರುಗದೆ ಹೇಳಿದ. “ನಿಮ್ಮಲ್ಲಿ ಬರೇ ಸುಡೂ ಕೆಲಸ ಅದ ಮಾಲಕ್ರ. ನಂಗ ಅದು ಬರಂಗಿಲ್ಲ.”

“ಕೇಳಿದಿ? ಇನ್ನ ನಡಿ” ಎಂದು ಕಾಂತಪ್ಪನಿಗೆ ಬಾಗಿಲು ತೋರಿಸಿದೆ. ಅಂದು ನನ್ನ ಎದೆ ಇಷ್ಟಗಲ ಆಗಿತ್ತು.

ತಕರಾರು ಇದ್ದವರ ಅಹವಾಲು ಕೇಳಲು ಏರ್‌ಪೋರ್ಟ್ ಹತ್ತಿರದ ಒಂದು ಹೋಟೆಲಿನಲ್ಲಿ ಸಭೆ ಕರೆದಿದ್ದರು. ಒಳಗೆ ಎಂಥ ಎಸಿ ಎಂದರೆ ನನ್ನ ಮೂಳೆ ನಡುಗಿತು. ದಿಲ್ಲಿಯಿಂದ ಬಂದ ಮೇಡಂ ಒಬ್ಬರು ಪರದೆಯ ಮೇಲೆ ಗೆರೆಗಳನ್ನು ತೋರಿಸುತ್ತಿದ್ದರು. ಒಂದು ಮೂಲೆಯಲ್ಲಿ ಅಕ್ಷಯ ಲ್ಯಾಪ್‌ಟಾಪಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ನನ್ನ ಸರದಿ ಬಂದಾಗ ಮೈಕು ಕೊಟ್ಟರು. ನನಗೆ ಮೈಕು ಬೇಕಿರಲಿಲ್ಲ.

ನಾನು ಹಿಂದಿಯಲ್ಲಿ ಹೇಳಿದೆ. ತೊಂಬತ್ತು ಕಿಲೊದಲ್ಲಿ ಬೇಕರಿ ನಡೆಸುವವಳು ನಾನು. ನನಗೆ ನಲವತ್ತೆಂಟು. ಇನ್ನೂರ ನಲವತ್ತು ಸುಡುವವನಿಗೆ ನೂರಾ ತೊಂಬತ್ತೆರಡು. ಇದು ಯಾವ ಊರಿನ ನ್ಯಾಯ?

ಮೇಡಂ ಸಮಾಧಾನದ ಹೆಂಗಸು, ಕೋಪ ಮಾಡಿಕೊಳ್ಳಲಿಲ್ಲ. ಬಂದ್ ಮಾಡಿಸಿದರೆ ಜನ ಹಸಿಯುತ್ತಾರೆ, ಸಬ್ಸಿಡಿ ಕೊಟ್ಟರೆ ಖಜಾನೆಗೆ ಭಾರ, ಟ್ಯಾಕ್ಸ್ ಹಾಕಿದರೆ ಹೊಗೆ ಎಷ್ಟು ಇಳಿಯುತ್ತದೆ ಎಂದು ಮೊದಲೇ ಹೇಳಲಾಗದು ಎಂದರು. ಪರ್ಮಿಟ್‌ನಲ್ಲಾದರೆ ಒಟ್ಟು ಹೊಗೆಗೆ ಒಂದು ಮಿತಿ ಇರುತ್ತದೆ, ಅದು ಖಂಡಿತ ಇಳಿಯುತ್ತದೆ. ಯಾರು ಇಳಿಸಿದರು ಎಂಬುದು ಮುಖ್ಯವಲ್ಲ, ಒಟ್ಟು ಇಳಿಯುವುದು ಮುಖ್ಯ.

“ಯಾರು ಎಂಬುದು ನನಗೆ ಮುಖ್ಯ” ಎಂದೆ. “ನಲವತ್ತು ವರ್ಷದಿಂದ ಇಳಿಸಿಕೊಂಡೇ ಬಂದವರ ಹತ್ತಿರ ಇನ್ನೇನು ಇಳಿಸುತ್ತೀರಿ? ಚರ್ಮ ಇಳಿಸುತ್ತೀರಾ?”

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಕಾಗದ ನೋಡಿದರು. ಸರ್ವೆಯ ವಾರ ಅರವತ್ತೇ ಬಂದಿದೆಯಲ್ಲ ಎಂದರು. ಅದು ತೋರಿಕೆಯ ವಾರ, ಈ ಅಕ್ಷಯನಿಗೆ ಗೊತ್ತು, ಕಮ್ಮಿ ಬಂದಷ್ಟೂ ಒಳ್ಳೇದು ಎಂದು ಹೇಳಿದವನು ಅವನೇ, ಕೇಳಿ ಎಂದೆ. ಇಡೀ ಸಭೆ ಅವನ ಕಡೆ ತಿರುಗಿತು.

ಅಕ್ಷಯ ಎದ್ದು ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿದ. ಪಕ್ಕದಲ್ಲಿದ್ದ ಶಬ್ರೀನಳನ್ನು ತಿವಿದೆ. “ನಾನು ತೂಕ ಮಾಡಿದ್ದನ್ನಷ್ಟೇ ಬರೆದೆ ಅಂತಿದಾನೆ” ಎಂದಳು. ನನ್ನ ನಾನ್‌ಖಟಾಯಿ ತಿಂದ ಬಾಯಿ ಅದು. ಕನ್ನಡದಲ್ಲಿ ಅವನ ಕಡೆ ನಾಲ್ಕು ಮಾತು ಎಸೆದೆ. ಅವುಗಳ ಅರ್ಥ ಆ ಸಭೆಯಲ್ಲಿ ಶಬ್ರೀನಳನ್ನು ಬಿಟ್ಟರೆ ಅವನೊಬ್ಬನಿಗೇ ಆಯಿತು, ಅವನ ಕಿವಿ ಕೆಂಪಾಯಿತು. ಕೊನೆಗೆ ಮೇಡಂ ಒಂದು ದಾರಿ ಕೊಟ್ಟರು. ಮತ್ತೊಂದು ವಾರ ತೂಕ ಮಾಡಿಸಿ, ಅದೇ ಅಂತಿಮ ಎಂದರು.

ಟ್ಯಾಕ್ಸಿಯಲ್ಲಿ ಕೂತು ಶಬ್ರೀನ ಫೋನಿನಲ್ಲಿ ಲೆಕ್ಕ ಮಾಡಿದಳು. “ತೊಂಬತ್ತು ಸಿಗಬೇಕಾದರೆ ನೂರಾ ಹದಿನೈದು ತೋರಿಸಿದ್ರೆ ಬಸ್, ಅಮ್ಮೀ.”

ಧರ್ಮಣ್ಣನಿಗೆ ಇದನ್ನು ಹೇಳಿದಾಗ ಅವನ ಮುಖ ಅರಳಿತು. “ನೂರಾ ಹದಿನೈದು ಸುಳ್ಳಲ್ಲ ಆಪಾ. ಟೋಸ್ಟ್ ಒಂದಿಷ್ಟು ಹೆಚ್ಚ ಮಾಡೂನು, ಸಂಜೀಕ ಒಂದ್ ಸಣ್ಣ ಬೆಂಕಿ ಜಾಸ್ತಿ ಹಾಕೂನು. ಒಂದೂ ಪಾವ್ ಹಾಳಾಗಂಗಿಲ್ಲ.”

“ಇನ್ನೂರೈವತ್ತು” ಎಂದೆ.

“ಯಾಕ?”

“ಕಾಂತಪ್ಪಗಿಂತ ಹತ್ತ ಕಿಲೊ ಜಾಸ್ತಿ. ಅವ ನನ್ನ ಬಾಗಲಿಗಿ ಬಂದು ಪರ್ಮಿಟ್ ಬೇಡಬೇಕು.”

“ನಮಗ ಬೇಕಾಗಿದ್ದು ಭಟ್ಟಿ ಆರಬಾರದು ಅಂತ. ಅಷ್ಟಕ್ಕ ನೂರಾ ಹದಿನೈದು ಸಾಕು.”

“ಮಾಲಕಿ ಯಾರು, ನೀನೋ ನಾನೋ?”

ಇಪ್ಪತ್ತೆಂಟು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಅವನ ಮೇಲೆ ಬಂದಿರಲಿಲ್ಲ. ಅತ್ತೆಯಾಗಲಿ, ಯಾಕೂಬನಾಗಲಿ ಅಂದಿರಲಿಲ್ಲ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. “ಆತು” ಎಂದ.

ಏಳು ದಿನ ಸುಟ್ಟೆವು. ಭಟ್ಟಿಯ ಬಾಯಿ ತೆರೆದಿಟ್ಟೇ ಸುಟ್ಟೆವು. ಒದ್ದೆ ಕಟ್ಟಿಗೆ, ಬಣ್ಣ ಹಚ್ಚಿದ ಹಳೇ ಬಾಗಿಲು, ಪ್ಲೈವುಡ್, ಸಿಕ್ಕಿದ್ದನ್ನೆಲ್ಲ ಒಳಗೆ ತಳ್ಳಿದೆವು. ಕರೀ ಹೊಗೆ ಎದುರಿನ ಬಿಲ್ಡಿಂಗಿನ ನಾಲ್ಕನೇ ಮಹಡಿಗೆ ಹತ್ತಿತು. ನಲವತ್ತು ವರ್ಷ ನಮ್ಮ ಪಾವ್ ತಿಂದವರು ಕಿಟಕಿಯಿಂದ ಬೈದರು, ನಾನೂ ಬೈದೆ. ಕೇರಿಯ ಹಾಲವ್ವ ಕೆಮ್ಮುತ್ತ ಬಂದು, ಒಣ ಹಾಕಿದ್ದ ಬಿಳಿ ಸೀರೆಯ ಮೇಲಿನ ಮಸಿ ತೋರಿಸಿ ಹೋದಳು. ದಿನಕ್ಕೆ ನಾಲ್ಕು ಟ್ರೇ ಪಾವ್ ತಳ ಸೀದು ಕಸಕ್ಕೆ ಹೋಯಿತು. ಧರ್ಮಣ್ಣ ಮೊದಲ ದಿನ ಅಭ್ಯಾಸಬಲದಿಂದ ಕೈ ಒಳಗೆ ಚಾಚಿದ. ಒಂದು ಎನ್ನುವಷ್ಟರಲ್ಲಿ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಕೈ ಚಾಚಲೇ ಇಲ್ಲ. ಹೇಳಿದಷ್ಟು ಕಟ್ಟಿಗೆ ಹಾಕುವುದು, ಹೇಳಿದಾಗ ಟ್ರೇ ತೆಗೆಯುವುದು, ಅಷ್ಟೇ.

ಅಕ್ಷಯ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ತೂಕ ಮಾಡಿದ. ಕೊನೆಯ ದಿನ ಟ್ಯಾಬ್ ಹಿಡಿದು ನಿಂತೇ ಇದ್ದ.

“ಆಂಟಿ, ಇದು ಝೂಟ್ ಅಲ್ವಾ?”

“ಕಟ್ಟಿಗಿ ಖರೆ ಅದ. ಹೊಗಿ ಖರೆ ಅದ. ನೀ ತೂಕ ಮಾಡಿದ್ದು ಅಷ್ಟ ಬರಿಯಾಂವ ಅಲ್ಲಾ? ಬರಿ.”

ಅವನು ಬರೆದ. ಆ ಸಲ ಚಹಾ ಕೊಡಲಿಲ್ಲ, ಅವನು ಕುರ್ಚಿಯನ್ನೂ ನೋಡಲಿಲ್ಲ.

ಅವನು ಹೋದ ಮೇಲೆ ಧರ್ಮಣ್ಣ ಬೂದಿ ಬಾಚಿದ. ದಿನಕ್ಕೆ ಒಂದು ಬಕೆಟ್ ಆಗುತ್ತಿದ್ದ ಬೂದಿ ನಾಲ್ಕು ಬಕೆಟ್ ಆಗಿತ್ತು. ಎಲ್ಲ ಮುಗಿಸಿ, ಕೈಕಾಲು ತೊಳೆದು, ಗೂಟದ ಮೇಲಿದ್ದ ಅಂಗಿ ಹಾಕಿಕೊಂಡು ನನ್ನೆದುರು ಬಂದು ನಿಂತ.

“ನಾ ಕಾಂತಪ್ಪನ ಕಡಿ ಹೊಂಟೀನಿ ಆಪಾ.”

ನಾನು ನಗಲು ನೋಡಿದೆ. “ಸುಡೂದು ಬರಂಗಿಲ್ಲ ಅಂದಿದ್ದಿಯಲ್ಲ ಅವಂಗ.”

“ಈ ವಾರ ಕಲಿತೆ. ಇನ್ನ ಎಲ್ಲಿ ಸುಟ್ಟರೂ ಅಷ್ಟ” ಎಂದ. “ಅಲ್ಲಿ ಪಗಾರಾದರೂ ಜಾಸ್ತಿ ಅದ.”

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಉಂಡ ಮನೆಯ ಜಂತಿ ಎಣಿಸುವವನೆಂದೆ, ಅತ್ತೆಯ ಹೆಸರು ತೆಗೆದೆ, ಯಾಕೂಬನ ಹೆಸರು ತೆಗೆದೆ. ಅವನು ಎಲ್ಲ ಕೇಳಿಸಿಕೊಂಡು, ಗುಮ್ಮಟದ ಮೇಲೆ ಒಮ್ಮೆ ಅಂಗೈ ಇಟ್ಟು ಹೊರಟುಹೋದ. ನಾಳೆ ಬರುತ್ತಾನೆ ಎಂದುಕೊಂಡೆ. ಮರುದಿನ ಅವನ ಟವೆಲ್ ಗೂಟದಲ್ಲಿ ಹಾಗೇ ಇತ್ತು.

ಹದಿನೈದು ದಿನಕ್ಕೆ ಕಾಗದ ಬಂತು. ನನಗೆ ಇನ್ನೂರು ಕಿಲೊ ಪರ್ಮಿಟ್. ಕಾಂತಪ್ಪನಿಗಿಂತ ಎಂಟು ಕಿಲೊ ಜಾಸ್ತಿ. ಕಾಗದವನ್ನು ಚೌಕಟ್ಟು ಹಾಕಿಸಿ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿದೆ.

ಹೊಸ ಮಿಸ್ತ್ರಿಯ ಹೆಸರು ಗದಿಗೆಪ್ಪ. ಒಳ್ಳೆಯವನೇ, ಕುಡಿಯುವುದಿಲ್ಲ, ಎದುರಾಡುವುದಿಲ್ಲ. ಕೈ ಚಾಚಿ ನೋಡು ಎಂದರೆ ಯಾಕೆ ಎಂದು ಕೇಳುತ್ತಾನೆ. ಒಂದು ಸಲದ ಬೆಂಕಿಯಲ್ಲಿ ಪಾವ್ ಮಾತ್ರ ಆಗುತ್ತದೆ, ಖಾರಿಗೆ ಮತ್ತೊಂದು, ಟೋಸ್ಟಿಗೆ ಇನ್ನೊಂದು. ದಿನಕ್ಕೆ ಇನ್ನೂರ ಮೂವತ್ತು ಕಿಲೊ ಬೇಕು ಅವನಿಗೆ. ನಾನು ಪಕ್ಕದಲ್ಲಿ ನಿಂತು ಕಲಿಸಲು ನೋಡಿದೆ. ಆಗ ಗೊತ್ತಾಯಿತು, ನನಗೂ ಅದು ಬರುವುದಿಲ್ಲ ಎಂದು. ಇಪ್ಪತ್ತೆಂಟು ವರ್ಷ ಧರ್ಮಣ್ಣ ಎಣಿಸುವುದನ್ನು ನೋಡಿದ್ದೆ, ನನ್ನ ಕೈಯನ್ನು ಒಮ್ಮೆಯೂ ಒಳಗೆ ಇಟ್ಟಿರಲಿಲ್ಲ.

ಧರ್ಮಣ್ಣ ಅಲ್ಲಿ ಹೋಗಿ ಸುಡುತ್ತಿಲ್ಲ. ಕಾಂತಪ್ಪನೇನು ದಡ್ಡನಲ್ಲ, ಅವನ ಕೈಗೆ ಭಟ್ಟಿಯನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾನೆ. ಈಗ ಅಲ್ಲಿ ದಿನಕ್ಕೆ ಒಂದೇ ಬೆಂಕಿ, ತೊಂಬತ್ತು ಕಿಲೊ. ಹೊಗೆಯೇ ಇಲ್ಲವಂತೆ, ದಿಲ್ಲಿಯ ಮೇಡಂ ಬಂದು ಫೋಟೊ ತೆಗೆದುಕೊಂಡು ಹೋದರಂತೆ.

ನನ್ನ ಭಟ್ಟಿ ತಣ್ಣಗಾಗಿಲ್ಲ, ಸೀಲೂ ಬಿದ್ದಿಲ್ಲ. ದಿನಕ್ಕೆ ಮೂವತ್ತು ಕಿಲೊ ಪರ್ಮಿಟ್ ಕಡಿಮೆ ಬೀಳುತ್ತದೆ. ಪ್ರತಿ ತಿಂಗಳು ಮೊದಲ ಸೋಮವಾರ ವಿಲೆ ಪಾರ್ಲೆಗೆ ಹೋಗಿ, ಧರ್ಮಣ್ಣ ಉಳಿಸಿದ್ದನ್ನು ಕಾಂತಪ್ಪನ ಕೈಯಿಂದ ಕೊಂಡು ತರುತ್ತೇನೆ.